ಮೆಕ್ಕಾ ವಸತಿಸೌಧದ ಚರಿತ್ರೆಯೂ ಅದರ ಚರಿತ್ರಕಾರರೂ

ಕಟ್ಟಡಗಳ ಚರಿತ್ರೆಯನ್ನು ಬರೆಯಹೊರಟವರು ಪ್ರಾಯಶಃ ಉಳಿದುಬಂದ ಕಟ್ಟಡಗಳನ್ನೇ ಆರಿಸಿಕೊಳ್ಳುತ್ತಾರೆ. ಗುಡಿಗೆ ಶಾಸನವಿದೆ, ಕೋಟೆಗೆ ಕೈಫಿಯತ್ತಿದೆ, ಅರಮನೆಗೆ ಲೆಕ್ಕಪತ್ರಗಳಿವೆ. ಇವೆಲ್ಲಕ್ಕಿಂತ ಮಿಗಿಲಾಗಿ ಕಲ್ಲೇ ಕಣ್ಣೆದುರಿಗೆ ನಿಂತು ಸಾಕ್ಷಿ ನುಡಿಯುತ್ತದೆ. ಬಾಡಿಗೆಯ ಜನ ವಾಸಮಾಡಿ, ಕಡೆಗೆ ನೆಲಸಮವಾಗಿಹೋದ ನಗರದ ವಠಾರಕ್ಕೆ ಈ ಭಾಗ್ಯವಿಲ್ಲ. ಅದನ್ನು ಕುರಿತು ಉಳಿದುಬರುವ ಬರವಣಿಗೆಯಲ್ಲಿ ಹೆಚ್ಚಿನದು ಅದರ ಕೊನೆಗಾಲದ್ದು. ಅದರಲ್ಲಿಯೂ ಹೆಚ್ಚಿನದು ಅದನ್ನು ಕೆಡವಲು ಉದ್ದೇಶಿಸಿದವರದು, ಇಲ್ಲವೆ ಕೆಡವುವುದಕ್ಕೆ ಮುನ್ನ ಒಮ್ಮೆ ನೋಡಿಹೋಗಲು ಬಂದವರದು. ಅಮೆರಿಕದ ಚಿಕಾಗೊ ನಗರದಲ್ಲಿ 1892ರಲ್ಲಿ ಎದ್ದು 1952ರಲ್ಲಿ ಅಳಿದ ಮೆಕ್ಕಾ ವಸತಿಸೌಧ ಇದಕ್ಕೆ ಒಳ್ಳೆಯ ನಿದರ್ಶನ. ಅರವತ್ತು ವರ್ಷಗಳಲ್ಲಿ ಅದು ಹಲವು ರೂಪಗಳಲ್ಲಿ ಬಳಕೆಯಾಯಿತು. ಅದನ್ನು ಕುರಿತು ಹುಟ್ಟಿದ ಬರಹವೂ ಹಲವು ಬಗೆಯದು. ಆ ಬರಹಗಳನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಸೌಧವನ್ನು ಕೊಂಡು ಕೆಡವಿದ ಒಡೆಯ ಒಂದು ವಿದ್ಯಾಸಂಸ್ಥೆ. ಆದಕಾರಣ ವಿದ್ಯಾಪೀಠದ ನೆರಳಿನಲ್ಲಿ ಕುಳಿತು ಚರಿತ್ರೆಯನ್ನು ಬೋಧಿಸುವ ನಮಗೆ ಈ ವಿಷಯ ತೀರ ಪರಕೀಯವೆಂದು ತೋರುವುದಿಲ್ಲ.

ಮೊದಲು ಕಟ್ಟಡದ ಸ್ವರೂಪವನ್ನು ಹೇಳಬೇಕು. ಚಿಕಾಗೊ ನಗರದ ದಕ್ಷಿಣ ಭಾಗದಲ್ಲಿ ಸ್ಟೇಟ್ ಬೀದಿಯೂ 34ನೆಯ ಬೀದಿಯೂ ಕೂಡುವೆಡೆಯಲ್ಲಿ ನಾಲ್ಕು ಅಂತಸ್ತಿನ ಇಟ್ಟಿಗೆಯ ಸೌಧವಾಗಿ ಮೆಕ್ಕಾ ನಿಂತಿತ್ತು. ಇದರ ಶಿಲ್ಪಿಗಳು ಎಡ್‌ಬ್ರೂಕ್ ಮತ್ತು ಬರ್ನ್‌ಹ್ಯಾಮ್ ಎಂಬ ಜೋಡಿ. ಈ ಬರ್ನ್‌ಹ್ಯಾಮ್ ಫ್ರ್ಯಾಂಕ್ಲಿನ್ ಪಿಯರ್ಸ್ ಬರ್ನ್‌ಹ್ಯಾಮ್. 1893ರ ಮಹಾಪ್ರದರ್ಶನದ ನಿರ್ಮಾಣವನ್ನು ನಡೆಸಿದ ಸುಪ್ರಸಿದ್ಧ ಡೇನಿಯಲ್ ಬರ್ನ್‌ಹ್ಯಾಮ್ ಅಲ್ಲ. ಹೆಸರಿನ ಸಾಮ್ಯದಿಂದ ಒಬ್ಬನ ಕೃತಿಯನ್ನು ಇನ್ನೊಬ್ಬನಿಗೆ ಆರೋಪಿಸುವ ಪ್ರಮಾದಕ್ಕೆ ಇಲ್ಲಿ ಅವಕಾಶವಿರುವುದರಿಂದ ಇದನ್ನು ಹೇಳಬೇಕಾಯಿತು. ಅಟ್ಲಾಂಟ ನಗರದಲ್ಲಿರುವ ಜಾರ್ಜಿಯ ರಾಜ್ಯದ ಶಾಸನಭವನವೂ ಇದೇ ಜೋಡಿಯ ರಚನೆ. ಮೆಕ್ಕಾದ ತಳವಿನ್ಯಾಸ ಕುದುರೆಯ ಲಾಳದ ಆಕಾರದ್ದು: ಎರಡು ಪಾರ್ಶ್ವಗಳು, ಅವುಗಳ ನಡುವೆ 34ನೆಯ ಬೀದಿಗೆ ತೆರೆದುಕೊಂಡ ಹಸಿರು ಅಂಗಳ. ಸ್ಟೇಟ್ ಬೀದಿಯ ಕಡೆಗೆ ನೆಲದ ಅಂತಸ್ತಿನಲ್ಲಿ ಅಂಗಡಿಗಳು. ಆದರೆ ಸೌಧದ ನಿಜವಾದ ವೈಶಿಷ್ಟ್ಯ ಒಳಗಿತ್ತು. ಎರಡು ಪಾರ್ಶ್ವಗಳಲ್ಲಿಯೂ ಒಂದೊಂದು ಒಳ ಅಂಗಳ, ಮೇಲೆ ಗಾಜಿನ ಮಾಡು, ನಾಲ್ಕು ಅಂತಸ್ತುಗಳ ಎತ್ತರಕ್ಕೂ ಇಳಿದುಬರುವ ಹಗಲಿನ ಬೆಳಕು, ಪ್ರತಿ ಅಂತಸ್ತಿನಲ್ಲಿಯೂ ಅಂಗಳವನ್ನು ಸುತ್ತುವರಿದ ಪಡಸಾಲೆ, ಬಳ್ಳಿಎಲೆಗಳ ಕುಸುರಿಯ ಕಬ್ಬಿಣದ ಕಟಾಂಜನ. ಮನೆಗಳ ಬಾಗಿಲುಗಳು ತೆರೆಯುತ್ತಿದ್ದದ್ದು ಈ ಪಡಸಾಲೆಗಳಿಗೆ. ನಮ್ಮ ತೊಟ್ಟಿಯ ಮನೆಯನ್ನು ಬಲ್ಲವರು ಇದನ್ನು ಸುಲಭವಾಗಿ ಕಲ್ಪಿಸಿಕೊಳ್ಳಬಲ್ಲರು. ಭೇದವೇನೆಂದರೆ ತೊಟ್ಟಿಯ ಸುತ್ತ ಇರುವುದು ಒಂದು ಕುಟುಂಬ, ಇಲ್ಲಿ ಇದ್ದದ್ದು ತೊಂಬತ್ತಕ್ಕೂ ಮಿಕ್ಕ ಮನೆಗಳು.

ಮೆಕ್ಕಾವನ್ನು 1893ರ ಕೊಲಂಬಿಯನ್ ಮಹಾಪ್ರದರ್ಶನಕ್ಕೆ ಬರುವ ಯಾತ್ರಿಕರಿಗಾಗಿ ಹೋಟೆಲಾಗಿಯೇ ಕಟ್ಟಿದರು ಎಂಬ ಮಾತು ಬಹಳ ಕಡೆ ಕಾಣುತ್ತದೆ. ಪ್ರದರ್ಶನದ ಕಾಲದಲ್ಲಿ ಅದು ಹೋಟೆಲಾಗಿ ಬಳಕೆಯಾದದ್ದು ನಿಜ. ಆದರೆ ಆರು ತಿಂಗಳ ಜಾತ್ರೆಗೆಂದು ಮಾತ್ರ ಇಷ್ಟು ಗಟ್ಟಿಯಾದ ಸೌಧವನ್ನು, ಅದೂ ಬಿಡಿಬಿಡಿಯಾದ ಸಂಸಾರದ ಮನೆಗಳ ಏರ್ಪಾಟಿನಲ್ಲಿ, ಯಾವ ಬಂಡವಳಿಗನೂ ಕಟ್ಟಲಾರನು. ಗೃಹಸ್ಥರಿಗೆ ಬಾಡಿಗೆಗೆ ಕೊಡುವುದೇ ಮೂಲೋದ್ದೇಶವೆಂದೂ ಪ್ರದರ್ಶನ ನಡುವೆ ಒದಗಿದ ಲಾಭವೆಂದೂ ನಾವು ಭಾವಿಸುತ್ತೇವೆ. 1892ರಲ್ಲಿಯೇ ನಗರದ ದಕ್ಷಿಣಕ್ಕೆ ಕಂಬಗಳ ಮೇಲೆ ಎತ್ತರಿಸಿದ ಹಳಿಯ ರೈಲು ಓಡತೊಡಗಿತ್ತು. ಸ್ಟೇಟ್ ಬೀದಿಗೆ ಹೊಂದಿದ ಓಣಿಯಲ್ಲಿಯೇ ಅದರ ಮಾರ್ಗ ಹಾದುಹೋಗುತ್ತಿತ್ತು. ಮರುವರ್ಷ ಅದು ಪ್ರದರ್ಶನ ನಡೆದ ಜ್ಯಾಕ್ಸನ್ ಉದ್ಯಾನದವರೆಗೂ ಬೆಳೆಯಿತು. ಮೆಕ್ಕಾದ ನಿವೇಶನವನ್ನು ಆರಿಸಿದವರು ಈ ರೈಲನ್ನು ಲಕ್ಷ್ಯದಲ್ಲಿಟ್ಟುಕೊಳ್ಳದೆ ಇರಲಾರರು.

1893ರ ಚಿಕಾಗೊ ಎಂದರೆ ಕನ್ನಡ ವಾಚಕರಿಗೆ ಸರ್ವಧರ್ಮ ಸಮ್ಮೇಳನವೂ, ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರ ಭಾಷಣವೂ ನೆನಪಾಗುತ್ತವೆ. ಆ ಮಹೋತ್ಸವಕ್ಕೆ ಇನ್ನೊಂದು ಮುಖವಿತ್ತು. ಎಲ್ಲ ರಾಷ್ಟ್ರಗಳ ಸಾಧನೆಯನ್ನು ಮೆರೆಸಲೆಂದು ಹೂಡಿದ ಪ್ರದರ್ಶನದಲ್ಲಿ ಅಮೆರಿಕದ ಕಪ್ಪು ಪ್ರಜೆಗಳಿಗೆ ಪ್ರಾತಿನಿಧ್ಯವೇ ದೊರೆಯಲಿಲ್ಲ. ದಾಸ್ಯದಿಂದ ಬಿಡುಗಡೆ ಪಡೆದು ಕೀರ್ತಿಶಾಲಿಯಾಗಿದ್ದ ಫ್ರೆಡರಿಕ್ ಡಗ್ಲಸ್ ಕೂಡ ಅಲ್ಲಿ ಕಾಣಿಸಿಕೊಂಡದ್ದು ಹೈಟಿ ದೇಶದ ಮಂಟಪದ ಪ್ರತಿನಿಧಿಯಾಗಿ. ಈ ಬಹಿಷ್ಕಾರದ ಕಾರಣಗಳನ್ನು ವಿಚಾರಿಸುವ ಕಿರುಹೊತ್ತಗೆಯೊಂದನ್ನು ಐಡಾ ವೆಲ್ಸ್ ಎಂಬ ಧೀರ ಮಹಿಳೆ ಡಗ್ಲಸ್ ಮೊದಲಾದವರೊಡನೆ ಸೇರಿ ಪ್ರಕಟಿಸಿ ಪ್ರದರ್ಶನದ ಆವರಣದಲ್ಲಿಯೇ ಹಂಚಿದಳು. ಆ ಪ್ರದರ್ಶನದ ಅತಿಥಿಗಳು ತಂಗಿದ್ದ ಸೌಧ ಮುಂದೆ ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಅದೇ ಬಹಿಷ್ಕೃತ ಜನರ ವಾಸಸ್ಥಾನವಾದದ್ದು ಚರಿತ್ರೆಯ ವೈಚಿತ್ರ್ಯಗಳಲ್ಲೊಂದು.

ಮೊದಲ ಇಪ್ಪತ್ತು ವರ್ಷಗಳ ಬಾಡಿಗೆದಾರರು ಬಿಳಿಯ ಮಧ್ಯಮವರ್ಗದವರು. ಆ ಅವಧಿಯ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. 1910ರ ದಶಕದ ಆದಿಯಲ್ಲಿ ಸೌಧದ ಬಾಗಿಲು ಕಪ್ಪು ಕುಟುಂಬಗಳಿಗೆ ತೆರೆಯಿತು. 1920ರ ಹೊತ್ತಿಗೆ ಅಲ್ಲಿನ ನಿವಾಸಿಗಳೆಲ್ಲ ಅವರೇ. ಇದನ್ನು ಒಡೆಯರ ಔದಾರ್ಯವೆಂದು ತಿಳಿಯಬೇಕಾಗಿಲ್ಲ. ದಕ್ಷಿಣದ ಹತ್ತಿಯ ಸೀಮೆಯನ್ನು ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ಜನ ವಲಸೆ ಬರುತ್ತಿದ್ದ ಕಾಲವದು. ಚಿಕಾಗೊ ನಗರದಲ್ಲಿ 1910ರಲ್ಲಿ 44,103 ಮಂದಿ ಇದ್ದ ಕಪ್ಪು ಜನ 1920ರಲ್ಲಿ 1,09,458ಕ್ಕೂ 1930ರಲ್ಲಿ 2,33,903ಕ್ಕೂ ಏರಿದರು. ಇಷ್ಟು ಜನ ವಾಸಿಸಬಹುದಾಗಿದ್ದದ್ದು ಸ್ಟೇಟ್ ಬೀದಿಯ ಇಕ್ಕೆಲಗಳ ಇಕ್ಕಟ್ಟಾದ ಒಂದು ಪಟ್ಟಿಯಲ್ಲಿ ಮಾತ್ರ. ಅದರ ಹೊರಗೆ ಮನೆ ಹಿಡಿದವರ ಬಾಗಿಲಿಗೆ ಬಾಂಬು ಬೀಳುತ್ತಿತ್ತು. ಅನಂತರ ಮನೆಗಳನ್ನು ಅವರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂಬ ಕರಾರುಗಳೇ ಕ್ರಯಪತ್ರಗಳಲ್ಲಿ ಸೇರಿದವು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೆ ತರಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ್ದು 1948ರಲ್ಲಿ. ಹೋಗಲು ಬೇರೆ ಎಡೆಯಿಲ್ಲದವನಿಂದ ಹೆಚ್ಚಿನ ಬಾಡಿಗೆ ಪಡೆಯಬಹುದೆಂಬುದು ಮನೆಯೊಡೆಯರಿಗೆ ಬೇಗನೆ ತಿಳಿಯಿತು. 1919ರ ಬೇಸಗೆಯಲ್ಲಿ 38 ಜನರ ಪ್ರಾಣವನ್ನು ಬಲಿಗೊಂಡ ಜನಾಂಗ ಕಲಹವಾದ ಮೇಲೆ ನೇಮಕವಾದ ವಿಚಾರಣಾ ಮಂಡಲಿಯ 1922ರ ವರದಿ ಈ ವಸತಿಯ ಸಂಕಟವನ್ನು ವಿಸ್ತಾರವಾಗಿ ದಾಖಲಿಸಿದೆ. ಮೆಕ್ಕಾದ ಪರಿವರ್ತನೆಯನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕು.

ಆದರೆ ಸಂಕಟವನ್ನು ಮಾತ್ರ ಹೇಳಿದರೆ ಚಿತ್ರ ಅರ್ಧವಾಗುತ್ತದೆ. ಆ ವರ್ಷಗಳಲ್ಲಿ ಸ್ಟೇಟ್ ಬೀದಿಯ ಈ ಭಾಗಕ್ಕೆ ‘ಸ್ಟ್ರೋಲ್’, ಅಂದರೆ ವಿಹಾರದ ಬೀದಿ, ಎಂಬ ಹೆಸರು ಬಿದ್ದಿತ್ತು. ನಾಟಕಶಾಲೆಗಳು, ನೃತ್ಯಶಾಲೆಗಳು, ಕಪ್ಪು ಜನರದೇ ಒಡೆತನದ ಬ್ಯಾಂಕುಗಳು, ಪತ್ರಿಕಾಲಯಗಳು ಅಲ್ಲಿ ಸಾಲುಗೊಂಡಿದ್ದುವು. ಜಾಸ್ ಸಂಗೀತದ ಹೆಸರಾಂತ ವಾದಕರು ರಾತ್ರಿಯೆಲ್ಲ ನುಡಿಸುತ್ತಿದ್ದ ಬೀದಿಯದು. ಆ ಬೀದಿಯಲ್ಲಿ ಮೆಕ್ಕಾ ಒಂದು ಹೆಗ್ಗುರುತು. ಅದರ ಹೆಸರಿನಲ್ಲಿಯೇ ಒಂದು ಬ್ಲೂಸ್ ಹಾಡು ಹುಟ್ಟಿ, 1924ರಲ್ಲಿ ಜಿಮ್ಮಿ ಬ್ಲೈತನ ಪಿಯಾನೊ, ಪ್ರಿಸಿಲ್ಲ ಸ್ಟೂಅರ್ಟಳ ಗಾಯನದೊಡನೆ ಧ್ವನಿಮುದ್ರಿಕೆಯಾಗಿ ಹೊರಬಂದಿತು. ಬಾಡಿಗೆಯ ಮನೆಗಳ ಸಮುಚ್ಚಯವೊಂದು ಹಾಡಿಗೆ ಹೆಸರಾಗುವುದು ಸಾಮಾನ್ಯ ಸಂಗತಿಯಲ್ಲ. ಶಾಸ್ತ್ರೀಯ ಚರಿತ್ರಕಾರರು ಇಂಥ ಪ್ರಮಾಣವನ್ನು ಕಡೆಗಣಿಸುವುದುಂಟು. ಆದರೆ ಮೆಕ್ಕಾ ಎಂದರೆ ಏನೆಂಬುದನ್ನು ವಿವರಣೆಯಿಲ್ಲದೆ ತಿಳಿದುಕೊಳ್ಳಬಲ್ಲ ಶ್ರೋತೃವರ್ಗ ಒಂದಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಆಧಾರ ಬೇರೆ ಬೇಕಾಗಿಲ್ಲ.

ಇನ್ನು ವಿದ್ಯಾಸಂಸ್ಥೆಯ ವಿಷಯ. ಮೆಕ್ಕಾದ ನೆರೆಯಲ್ಲಿಯೇ, ಅದು ಎದ್ದ ಮರುವರ್ಷ, ಮಾಂಸೋದ್ಯಮಿ ಫಿಲಿಪ್ ಆರ್ಮರನ ಧನದಿಂದ ಆರ್ಮರ್ ಇನ್‌ಸ್ಟಿಟ್ಯೂಟ್ ಎಂಬ ತಾಂತ್ರಿಕ ಶಾಲೆ ಆರಂಭವಾಗಿತ್ತು. 1940ರಲ್ಲಿ ಅದು ಲೂಯಿಸ್ ಇನ್‌ಸ್ಟಿಟ್ಯೂಟಿನೊಡನೆ ಕೂಡಿ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಾಯಿತು. ಅದಕ್ಕೂ ಎರಡು ವರ್ಷ ಮೊದಲು, 1938ರಲ್ಲಿ, ಜರ್ಮನಿಯಿಂದ ಬಂದ ಲುಡ್‌ವಿಗ್ ಮೀಸ್ ಫಾನ್ ಡೆರ್ ರೋ ಅದರ ವಾಸ್ತುಶಿಲ್ಪ ವಿಭಾಗದ ಅಧ್ಯಕ್ಷನಾಗಿ, ಹೊಸ ವಿದ್ಯಾಪ್ರಾಂಗಣದ ಯೋಜನೆಯನ್ನೂ ಕೈಗೊಂಡನು. ಪ್ರಾಂಗಣ ವಿಸ್ತಾರವಾಗಬೇಕಾದರೆ ಸುತ್ತಣ ನೆಲ ಬೇಕು. ನೆಲದ ಮೇಲೆ ಜನರಿದ್ದರು. ಮೂವತ್ತರ ದಶಕದ ಕೊನೆಯಿಂದ ಸಂಸ್ಥೆ ಒಂದೊಂದಾಗಿ ನಿವೇಶನಗಳನ್ನು ಕೊಳ್ಳತೊಡಗಿತು. ಮೆಕ್ಕಾವೂ ಹಾಗೆಯೇ ಅದರ ವಶವಾಯಿತು. ಕೊಂಡದ್ದು ಕೆಡವುವುದಕ್ಕಾಗಿ.

ಇಲ್ಲಿಂದ ಮುಂದಿನ ಹತ್ತು ವರ್ಷಗಳು ನಮ್ಮ ವಾದಕ್ಕೆ ಅತ್ಯಂತ ಮುಖ್ಯವಾದುವು. ಸೌಧವನ್ನು ತೆರವು ಮಾಡಿಸಲು ಸಂಸ್ಥೆ ಮುಂದಾದಾಗ ನಿವಾಸಿಗಳು ಪ್ರತಿಭಟಿಸಿದರು. ಯುದ್ಧಕಾಲದ ಕಾರ್ಖಾನೆಗಳಿಗೆ ಜನ ಬಂದು ತುಂಬುತ್ತಿದ್ದ ನಗರದಲ್ಲಿ ಅವರಿಗೆ ಬೇರೆ ಮನೆ ಸಿಗುವಂತಿರಲಿಲ್ಲ. ಮೊಕದ್ದಮೆ ರಾಜ್ಯದ ಶಾಸನಸಭೆಯವರೆಗೂ ಹೋಯಿತು. ಸೆನೆಟರ್ ಕ್ರಿಸ್ಟೋಫರ್ ವಿಂಬಿಷ್ ನಿವಾಸಿಗಳ ಪಕ್ಷವನ್ನು ವಹಿಸಿದನು. ಸೌಧವನ್ನು ಉಳಿಸುವ ಮಸೂದೆ 1943ರಲ್ಲಿ ಸಭೆಯ ಅನುಮೋದನೆಯನ್ನೂ ಪಡೆಯಿತು. ರಾಜ್ಯದ ಗವರ್ನರ್ ಡ್ವೈಟ್ ಗ್ರೀನ್ ಅದಕ್ಕೆ ಅಂಕಿತ ಹಾಕಲು ನಿರಾಕರಿಸಿದನು. ಆದರೂ ಕೂಡಲೆ ಕೆಡವುವುದು ಸಾಧ್ಯವಾಗಲಿಲ್ಲ. ಬಾಡಿಗೆಯ ವಠಾರದ ಜನ, ಹಣವಾಗಲಿ ಪದವಿಯಾಗಲಿ ಇಲ್ಲದವರು, ಒಂದು ಬಲಿಷ್ಠ ಸಂಸ್ಥೆಯ ಯೋಜನೆಯನ್ನು ಸುಮಾರು ಹತ್ತು ವರ್ಷ ತಡೆದು ನಿಲ್ಲಿಸಿದರೆಂಬುದು ಅಲ್ಪವಾದ ಮಾತಲ್ಲ. ವಾಸ್ತುಶಿಲ್ಪದ ಹಳೆಯ ಚರಿತ್ರೆಗಳಲ್ಲಿ ಈ ಪ್ರಕರಣಕ್ಕೆ ಸ್ಥಳ ದೊರೆತದ್ದು ಬಹಳ ವಿರಳ.

ಸಂಸ್ಥೆಯ ಪಕ್ಷದಲ್ಲಿಯೂ ಹೇಳತಕ್ಕದ್ದಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಗರದ ಹೊರವಲಯದಲ್ಲಿ ಅಗ್ಗದ ನೆಲವನ್ನು ಹುಡುಕಿಕೊಂಡು ಹೊರಟುಹೋಗಬಹುದಾಗಿದ್ದ ಸಂಸ್ಥೆ ಹುಟ್ಟಿದೆಡೆಯಲ್ಲಿಯೇ ಉಳಿಯಲು ನಿಶ್ಚಯಿಸಿತು. ಯುದ್ಧ ಮುಗಿದು, 1944ರ ಶಾಸನದಿಂದ ಸೈನಿಕರಿಗೆ ಉಚಿತ ವಿದ್ಯೆ ದೊರೆತಾಗ, ವಿದ್ಯಾರ್ಥಿಗಳು ಪ್ರವಾಹದಂತೆ ಬಂದರು. ತರಗತಿಗಳಿಗೆ ಎಡೆ ಬೇಕಾಗಿತ್ತು. ಐವತ್ತು ವರ್ಷ ದಾಟಿದ, ಜನ ಕಿಕ್ಕಿರಿದ ಸೌಧದಲ್ಲಿ ಬೆಂಕಿಯ ಭಯವೂ ಸುಳ್ಳಲ್ಲ. ಇವೆಲ್ಲವನ್ನೂ ಒಪ್ಪಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಡವಬೇಕೆಂದು ಸಂಕಲ್ಪಿಸಿ ಕೊಂಡ ಕಟ್ಟಡದ ಬಾಡಿಗೆಯನ್ನು ಹತ್ತು ವರ್ಷ ಪಡೆಯುವ ಒಡೆಯ ಅದನ್ನು ಯಾವ ಸ್ಥಿತಿಯಲ್ಲಿ ಇಟ್ಟುಕೊಂಡಾನು? ನಾಳೆ ಇಳಿಸಬೇಕಾದ ಸೂರಿನ ಹೆಂಚನ್ನು ಇಂದು ಯಾರೂ ಸರಿಪಡಿಸುವುದಿಲ್ಲ. ಆದುದರಿಂದ ‘ಮೆಕ್ಕಾ ಕೊಳೆಗೇರಿಯಾಗಿತ್ತು, ಅದಕ್ಕಾಗಿ ಕೆಡವಿದರು’ ಎಂಬ ವಾಕ್ಯದಲ್ಲಿ ಕಾರ್ಯ ಯಾವುದು, ಕಾರಣ ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ಕೆಡವುವ ನಿರ್ಧಾರ ಮುಂಚಿನದು. ಕೊಳೆಗೇರಿಯೆಂಬ ಹೆಸರನ್ನು ಊರಿಗೆಲ್ಲ ಸಾರಿದ ಬರಹ ಬಂದದ್ದು ಆಮೇಲೆ.

ಆ ಬರಹಗಳಲ್ಲಿ ಅಗ್ರಗಣ್ಯವಾದುದು ಜಾನ್ ಬಾರ್ಟ್‌ಲೊ ಮಾರ್ಟಿನನ ಪ್ರಬಂಧ. 1950ರ ಡಿಸೆಂಬರ್ ತಿಂಗಳ ‘ಹಾರ್ಪರ್ಸ್’ ಮಾಸಪತ್ರಿಕೆಯಲ್ಲಿ, ಚಿಕಾಗೊ ನಗರದ ಅತಿವಿಚಿತ್ರ ಸ್ಥಳ ಎಂಬರ್ಥದ ಶಿರೋನಾಮೆಯಲ್ಲಿ ಅದು ಅಚ್ಚಾಯಿತು. ಮಾರ್ಟಿನ್ ಸಾಮಾನ್ಯ ಪತ್ರಕರ್ತನಲ್ಲ. ಬಡವರ ವಿಷಯದಲ್ಲಿ ಅನುಕಂಪವುಳ್ಳವನು; ಮುಂದೆ ರಾಯಭಾರಿಯ ಪದವಿಯನ್ನೂ ಪಡೆದವನು. ಪಡಸಾಲೆಗಳಲ್ಲಿ ತಿರುಗಾಡಿ, ನಿವಾಸಿಗಳನ್ನು ಮಾತನಾಡಿಸಿ, ಕಂಡದ್ದನ್ನು ಕಂಡಂತೆ ಬರೆದಿದ್ದಾನೆ. ಸಂಸ್ಥೆ ಅದರ ಒಡೆಯನೆಂಬುದನ್ನೂ ಕೆಡವಲಿರುವುದನ್ನೂ ಆತ ಮರೆಮಾಚಿಲ್ಲ. ಅವನ ಪ್ರಾಮಾಣಿಕತೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಶಿರೋನಾಮೆಯನ್ನು ನೋಡಿ: ವಿಚಿತ್ರ! ಯಾರಿಗೆ ವಿಚಿತ್ರ? ಅಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅದು ವಿಚಿತ್ರವಾದ ಸ್ಥಳವಲ್ಲ, ಮನೆ. ಪ್ರವಾಸಿಯ ದೃಷ್ಟಿಯಲ್ಲಿ ಅನುಕಂಪವಿದ್ದರೂ ಆ ದೃಷ್ಟಿ ಬೀಳುವುದು ಒಡೆದ ಕಿಟಕಿಯ ಮೇಲೆ. ಕಿಟಕಿ ಯಾವ ವರ್ಷ ಒಡೆಯಿತು, ಯಾರು ಅದಕ್ಕೆ ಗಾಜು ಹಾಕಿಸಬೇಕಾಗಿತ್ತು ಎಂಬುದು ದೃಷ್ಟಿಗೆ ಗೋಚರವಾಗತಕ್ಕದ್ದಲ್ಲ. 1951ರಲ್ಲಿ ‘ಲೈಫ್’ ಪತ್ರಿಕೆಗಾಗಿ ವಾಲೇಸ್ ಕರ್ಕ್‌ಲೆಂಡ್ ತೆಗೆದ ಛಾಯಾಚಿತ್ರಗಳ ವಿಷಯವೂ ಇಷ್ಟೆ. ಇಂದು ಮೆಕ್ಕಾದ ಒಳಗನ್ನು ನಾವು ಕಾಣುವುದು ಹೆಚ್ಚಾಗಿ ಆ ಚಿತ್ರಗಳ ಮೂಲಕವೇ: ಮೇಲಿನಿಂದ ಸುರಿಯುವ ಬೆಳಕು, ಕಟಾಂಜನದ ಕುಸುರಿ, ಕಟಾಂಜನಕ್ಕೆ ಒರಗಿ ನಿಂತ ಜನ. ಅವು ಅತ್ಯುತ್ತಮವಾದ ಚಿತ್ರಗಳು. ಆದರೆ ಮರಣಶಯ್ಯೆಯಲ್ಲಿರುವವನ ಚಿತ್ರವನ್ನು ತೋರಿಸಿ, ಅವನು ಬಾಳಿದ್ದು ಹೀಗೆ ಎನ್ನುವುದುಂಟೆ? ಶಾಸನಪರಿಶೀಲನೆಯಲ್ಲಿ ಕಾಲನಿರ್ಣಯಕ್ಕೆ ನಾವು ಕೊಡುವ ಮಹತ್ವವನ್ನು ಈ ಆಧುನಿಕ ಆಕರಗಳಿಗೂ ಕೊಟ್ಟರೆ, ಮಾರ್ಟಿನನ ಪ್ರಬಂಧವನ್ನು ಅರವತ್ತು ವರ್ಷಗಳ ಚರಿತ್ರೆಯೆಂದು ಓದದೆ, ಕೊನೆಯ ಹನ್ನೆರಡು ವರ್ಷಗಳ ಫಲವೆಂದು ಓದುತ್ತೇವೆ. ಅದರ ಬೆಲೆ ಹೀಗೆ ಓದುವುದರಿಂದ ಕುಗ್ಗುವುದಿಲ್ಲ.

ಈ ದಿಕ್ಕಿನಲ್ಲಿ ವಿದ್ವಾಂಸರ ಕೆಲಸ ಬಹಳ ತಡವಾಗಿ ಮೊದಲಾಯಿತು. ಆರ್ನಲ್ಡ್ ಹರ್ಷ್ 1983ರಲ್ಲಿ ಪ್ರಕಟಿಸಿದ ಚಿಕಾಗೊ ವಸತಿಯ ಚರಿತ್ರೆ, ನಗರದ ದಕ್ಷಿಣ ಭಾಗದ ಪುನರ್ನಿರ್ಮಾಣದಲ್ಲಿ ಆಸ್ಪತ್ರೆ, ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಎಷ್ಟು ದೊಡ್ಡ ಪಾತ್ರ ವಹಿಸಿದುವೆಂಬುದನ್ನು ಆಧಾರಸಮೇತ ತೋರಿಸಿಕೊಟ್ಟಿತು. ಮೆಕ್ಕಾವನ್ನೇ ವಿಷಯವಾಗಿಟ್ಟುಕೊಂಡ ಡೇನಿಯಲ್ ಬ್ಲೂಸ್ಟೋನ್ ಅವರ ದೀರ್ಘ ಲೇಖನ 1998ರಲ್ಲಿ ವಾಸ್ತುಶಿಲ್ಪ ಚರಿತ್ರಕಾರರ ಸಂಘದ ಪತ್ರಿಕೆಯಲ್ಲಿ ಬಂದಿತು. ಈ ವಿಷಯದಲ್ಲಿ ಅದಕ್ಕೆ ಸಮನಾದ ಬರಹ ಇನ್ನೊಂದಿಲ್ಲ; ನಿವಾಸಿಗಳ ಹೋರಾಟವನ್ನೂ ಸೌಧದ ವಾಸ್ತುವನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಕೀರ್ತಿ ಅದರದು. ಅಂಗಳವೂ ಪಡಸಾಲೆಯೂ ನೆರೆಹೊರೆಯ ಬಾಂಧವ್ಯವನ್ನು ಬೆಳೆಸಿದುವೆಂಬ ಭಾವನೆ ಅದನ್ನು ಓದಿದಾಗ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಇಲ್ಲಿ ನಮ್ಮದೊಂದು ಸಣ್ಣ ಆಕ್ಷೇಪಣೆಯಿದೆ. ಅದೇ ಪಡಸಾಲೆಯಲ್ಲಿ ಬಿಳಿಯ ಗೃಹಸ್ಥರು ಇಪ್ಪತ್ತು ವರ್ಷ ಓಡಾಡಿದರು. ಅವರ ಕಾಲದಲ್ಲಿ ಮೆಕ್ಕಾದ ಮೇಲೆ ಹಾಡು ಹುಟ್ಟಲಿಲ್ಲ. ಶಾಸನಸಭೆಗೆ ದೂರು ಹೋಗಲಿಲ್ಲ. ಅವರಿಗೆ ಬೇಸರವಾದಾಗ ಮನೆ ಬಿಟ್ಟು ಹೋಗಲು ನಗರವೆಲ್ಲ ತೆರೆದಿತ್ತು. ವಠಾರದ ಬಾಳನ್ನು ಬಲ್ಲ ನಮ್ಮ ಜನಕ್ಕೆ ಇದು ಹೊಸದಲ್ಲ: ಒಂದೇ ಬಾವಿಕಟ್ಟೆ ಒಗ್ಗಟ್ಟಿಗೂ ಜಗಳಕ್ಕೂ ಎಡೆಕೊಡುತ್ತದೆ. ಮೆಕ್ಕಾದ ಜನರನ್ನು ಒಂದುಗೂಡಿಸಿದ್ದರಲ್ಲಿ ಕಟಾಂಜನದ ಪಾಲು ಸ್ವಲ್ಪವಿದ್ದೀತು. ಹೊರಗೆ ಮುಚ್ಚಿದ್ದ ಬಾಗಿಲುಗಳ ಪಾಲು ಅದಕ್ಕಿಂತ ದೊಡ್ಡದು.

ಕವಿಯೊಬ್ಬಳ ಸಾಕ್ಷ್ಯವನ್ನು ಪರಿಶೀಲಿಸದೆ ಈ ಪರಾಮರ್ಶೆ ಮುಗಿಯಲಾರದು. ಪುಲಿಟ್ಸರ್ ಬಹುಮಾನವನ್ನು ಪಡೆದ ಮೊತ್ತಮೊದಲ ಆಫ್ರಿಕನ್ ಅಮೆರಿಕನ್ ಲೇಖಕಿ ಗ್ವೆಂಡೊಲಿನ್ ಬ್ರೂಕ್ಸ್ ತನ್ನ ತಾರುಣ್ಯದಲ್ಲಿ, ಮೂವತ್ತರ ದಶಕದಲ್ಲಿ, ಮೆಕ್ಕಾದಲ್ಲಿದ್ದ ಒಬ್ಬ ‘ಆಧ್ಯಾತ್ಮಿಕ ಸಲಹೆಗಾರ’ನ ಕೈಕೆಳಗೆ ಕೆಲವು ತಿಂಗಳು ಕೆಲಸ ಮಾಡಿದ್ದಳು. ವಶೀಕರಣದ ತಾಯಿತ, ಅದೃಷ್ಟದ ಔಷಧ ಮೊದಲಾದುವನ್ನು ಮಾರುವವನ ಸಹಾಯಕಿಯಾಗಿ ಮನೆಯಿಂದ ಮನೆಗೆ ತಿರುಗಿದಾಗ ಒಳಗಣ ಜೀವನ ಅವಳಿಗೆ ಕಾಣಿಸಿತು. ಇದು ಸಂದರ್ಶಕನ ದೃಷ್ಟಿಯಲ್ಲ, ಒಡೆಯನ ದೃಷ್ಟಿಯೂ ಅಲ್ಲ, ಕೆಲಸದವಳದು. ಆದರೂ ಕಾವ್ಯವಾಗಿ ಅದು ಪಕ್ವವಾಗಲು ಮೂವತ್ತು ವರ್ಷ ಹಿಡಿಯಿತು. ‘ಇನ್ ದಿ ಮೆಕ್ಕಾ’ ಪ್ರಕಟವಾದದ್ದು 1968ರಲ್ಲಿ, ಸೌಧ ಅಳಿದು ಹದಿನಾರು ವರ್ಷಗಳಾದ ಮೇಲೆ. ಕುತೂಹಲದ ಸಂಗತಿಯೆಂದರೆ, ಮಾರ್ಟಿನನ ಪ್ರಬಂಧದ ಮಾತುಗಳನ್ನೇ ಆಕೆ ಕಾವ್ಯದ ಮುಂದೆ ಇಟ್ಟಿದ್ದಾಳೆ; ಹೊರಗಿನವನ ಮಾತಿನಿಂದ ತೊಡಗಿ ಒಳಹೊಕ್ಕಂತೆ.

ಕಾವ್ಯದ ಕಥೆ ಇಷ್ಟು. ಕೂಲಿಯ ಕೆಲಸ ಮುಗಿಸಿ ಸ್ಯಾಲಿ ಎಂಬ ತಾಯಿ ಮೆಕ್ಕಾದ ತನ್ನ ಮನೆಗೆ ಬರುತ್ತಾಳೆ. ಮಕ್ಕಳನ್ನು ಎಣಿಸಿ ನೋಡಿದರೆ ಕಿರಿಯವಳು ಪೆಪಿಟ ಕಾಣುವುದಿಲ್ಲ. ಬಾಗಿಲು ಬಾಗಿಲಿಗೂ ಹೋಗಿ ವಿಚಾರಿಸುತ್ತಾಳೆ. ಪ್ರತಿಯೊಬ್ಬರಿಗೂ ಅವರವರದೇ ನೆನಪು, ಅವರವರದೇ ವ್ಯಥೆ, ಮಗುವನ್ನು ಕಂಡವರಿಲ್ಲ. ಕೊನೆಗೆ ನೆರೆಯವನೊಬ್ಬನ ಮಂಚದ ಕೆಳಗೆ ಮಗುವಿನ ಶವ ದೊರೆಯುತ್ತದೆ. ಮೆಕ್ಕಾದ ಪಕ್ಷವನ್ನು ಹಿಡಿದವರು ಈ ಕಾವ್ಯವನ್ನು ಅಲ್ಲಿನ ಸಮುದಾಯಜೀವನದ ಸ್ಮಾರಕವೆಂದು ಹೊಗಳುವುದುಂಟು. ಕಾವ್ಯವನ್ನು ಓದಿದವರಿಗೆ ಹಾಗೆ ತೋರಲಾರದು. ಎಲ್ಲರ ಬಾಗಿಲೂ ಒಂದೇ ಪಡಸಾಲೆಗೆ ತೆರೆಯುತ್ತಿದ್ದರೂ ಒಂದು ಮಗುವಿನ ಮೇಲೆ ಕಣ್ಣಿಡುವವರಿರಲಿಲ್ಲ ಎಂಬುದೇ ಅಲ್ಲಿಯ ಭಯಂಕರವಾದ ಮಾತು. ಅದರ ಜೊತೆಗೆ, ಮಾರ್ಟಿನನಿಗೆ ಸಾಧ್ಯವಾಗದ ಒಂದು ಕೆಲಸವನ್ನು ಆಕೆ ಮಾಡಿದ್ದಾಳೆ: ಪಡಸಾಲೆಯ ಜನಸಂದಣಿಯನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ, ಒಬ್ಬೊಬ್ಬರಿಗೂ ಹೆಸರನ್ನೂ ಮಾತನ್ನೂ ಕೊಟ್ಟಿದ್ದಾಳೆ. ಸೌಧವನ್ನು ಕೆಡವಿದ್ದು ಸರಿಯೇ ತಪ್ಪೇ ಎಂಬ ವ್ಯಾಜ್ಯದಲ್ಲಿ ಯಾವ ಪಕ್ಷದವರೂ ಈ ಕಾವ್ಯವನ್ನು ದಸ್ತಾವೇಜಾಗಿ ಹಾಜರುಪಡಿಸುವಂತಿಲ್ಲ. ಕೊಳೆಗೇರಿಯೆಂದವರಿಗೂ ಅದು ಒದಗುವುದಿಲ್ಲ, ಬಂಧುಬಳಗವೆಂದವರಿಗೂ ಒದಗುವುದಿಲ್ಲ.

1952ರ ಜನವರಿಯಲ್ಲಿ ಮೆಕ್ಕಾ ನೆಲಕ್ಕಿಳಿಯಿತು. ಆ ನೆಲದ ಮೇಲೆ ಮೀಸ್ ಕಟ್ಟಿದ ಕ್ರೌನ್ ಹಾಲ್ 1956ರಲ್ಲಿ ಪೂರ್ಣವಾಯಿತು. ಅದು ವಾಸ್ತುಶಿಲ್ಪ ವಿಭಾಗದ ಭವನ. 220 ಅಡಿ ಉದ್ದ, 120 ಅಡಿ ಅಗಲ, 18 ಅಡಿ ಎತ್ತರದ ಒಂದೇ ಅಂಕಣ. ನಡುವೆ ಒಂದು ಕಂಬವೂ ಇಲ್ಲ. ಮಾಡಿನ ಮೇಲೆ ಹಾದುಹೋಗುವ ನಾಲ್ಕು ಉಕ್ಕಿನ ಮಹಾತೊಲೆಗಳಿಂದ ಇಡೀ ಸೂರು ತೂಗುಬಿದ್ದಿದೆ. ಸುತ್ತಲೂ ಗಾಜು. 2001ರಲ್ಲಿ ಅದನ್ನು ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಸಾರಿದರು. ಅದಕ್ಕೆ ಅರ್ಹವಾದ ಕೃತಿಯೆಂಬುದರಲ್ಲಿ ಎರಡು ಮಾತಿಲ್ಲ. ಮೀಸ್ ಪಂಥದವರು ಈ ಬಗೆಯ ಅಂಕಣವನ್ನು ಸಾರ್ವತ್ರಿಕ ಅವಕಾಶ ಎಂದು ಕರೆಯುತ್ತಾರೆ. ಉಪಯೋಗಗಳು ಬದಲಾಗುತ್ತವೆ, ಆದ್ದರಿಂದ ಯಾವ ಉಪಯೋಗಕ್ಕೂ ಕಟ್ಟುಬೀಳದ ಬಯಲನ್ನು ಕಟ್ಟಬೇಕು ಎಂಬುದು ಅವರ ತತ್ತ್ವ. ತತ್ತ್ವ ಗಂಭೀರವಾದದ್ದೇ. ಆದರೆ ಚರಿತ್ರೆಯ ಲೆಕ್ಕ ಬೇರೆಯಾಗಿದೆ. ಎಲ್ಲ ಉಪಯೋಗಕ್ಕೂ ಸಲ್ಲುವಂತೆ ರಚಿಸಿದ ಕ್ರೌನ್ ಹಾಲ್ ಅಂದಿನಿಂದ ಇಂದಿನವರೆಗೂ ಶಿಲ್ಪವಿದ್ಯೆಯ ಶಾಲೆಯೇ ಆಗಿದೆ. ಗೋಡೆಯಿಂದ ಗೋಡೆಗೆ ಕೋಣೆಗಳಾಗಿ ಒಡೆದು, ಒಂದೇ ಉದ್ದೇಶಕ್ಕೆ ಕಟ್ಟಿದ ಮೆಕ್ಕಾ ಹೋಟೆಲಾಯಿತು, ಬಿಳಿಯ ಗೃಹಸ್ಥರ ಬಿಡಾರವಾಯಿತು, ವಲಸೆ ಬಂದವರ ಆಶ್ರಯವಾಯಿತು, ಜ್ಯೋತಿಷಿಯ, ತಾಯಿತದವನ ಅಂಗಡಿಯಾಯಿತು, ಹಾಡಿನ ವಸ್ತುವಾಯಿತು. ಕಟ್ಟಡದ ಉಪಯೋಗವನ್ನು ಬದಲಾಯಿಸುವುದು ಅದರ ವಿನ್ಯಾಸವೋ, ಅದರಲ್ಲಿರಲು ಬಂದವರ ಅಗತ್ಯವೋ ಎಂಬ ಪ್ರಶ್ನೆಯನ್ನು ಕ್ರೌನ್ ಹಾಲ್ ಕುರಿತು ಬರೆದವರು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಾದರೆ ಆ ನೆಲದ ಮೇಲೆ ಮೊದಲು ಏನಿತ್ತೆಂಬುದನ್ನು ಅವರು ಹೇಳಬೇಕಾಗುತ್ತಿತ್ತು. ಬಹುಕಾಲ ಆ ಬರಹಗಳಲ್ಲಿ ಕ್ರೌನ್ ಹಾಲಿನ ನಿವೇಶನ ಬರಿಯ ಬಯಲು.

ಮೆಕ್ಕಾ ಮತ್ತು ಅದರಂಥ ನೂರಾರು ಕಟ್ಟಡಗಳ ಜನಕ್ಕೆ ಬದಲು ವಸತಿಯೆಂದು ಅದೇ ಸ್ಟೇಟ್ ಬೀದಿಯಲ್ಲಿ ಸರಕಾರ ಎತ್ತಿದ ಗೋಪುರಗಳ ಕಥೆಯೂ ಇಲ್ಲಿ ಒಂದು ಮಾತಿನಷ್ಟು ಪ್ರಸ್ತುತ. ಸ್ಟೇಟ್‌ವೇ ಗಾರ್ಡನ್ಸ್ 1958ರಲ್ಲಿ ಸಿದ್ಧವಾಯಿತು. ಅದರ ದಕ್ಷಿಣಕ್ಕೆ ಹದಿನಾರು ಅಂತಸ್ತಿನ 28 ಗೋಪುರಗಳ ರಾಬರ್ಟ್ ಟೇಲರ್ ವಸತಿ 1962ರಲ್ಲಿ. ಎರಡನ್ನೂ 2007ರ ಹೊತ್ತಿಗೆ ಕೆಡವಿ ಮುಗಿಸಿದರು. ಮೆಕ್ಕಾದಷ್ಟು ಕಾಲ ಅವು ನಿಲ್ಲಲಿಲ್ಲ. ಅವುಗಳನ್ನು ಕೆಡವುವಾಗಲೂ ಕೊಳೆಗೇರಿಯೆಂಬ ಅದೇ ಪದವೇ ಕೆಲಸಕ್ಕೆ ಬಂದಿತು.

ಈಚಿನ ವರ್ಷಗಳಲ್ಲಿ ಮೆಕ್ಕಾದ ನೆನಪು ನಗರಕ್ಕೆ ಮರಳಿದೆ. ಚಿಕಾಗೊ ಸಾಂಸ್ಕೃತಿಕ ಕೇಂದ್ರದಲ್ಲಿ 2014ರಲ್ಲಿ, ಹಳೆಯ ಹಾಡಿನ ಹೆಸರನ್ನೇ ಇಟ್ಟು, ಸೌಧದ ಚಿತ್ರಗಳ ಪ್ರದರ್ಶನವೊಂದು ನಡೆಯಿತು; ನಗರದ ಸಾಂಸ್ಕೃತಿಕ ಚರಿತ್ರಕಾರ ಟಿಮ್ ಸ್ಯಾಮುಯೆಲ್‌ಸನ್ ಅದನ್ನು ಸಿದ್ಧಪಡಿಸಿದ್ದರು. 2018ರಲ್ಲಿ ಕ್ರೌನ್ ಹಾಲಿನ ಪಕ್ಕದಲ್ಲಿ ಕೆಲಸಗಾರರು ದುರಸ್ತಿಗಾಗಿ ನೆಲ ಅಗೆಯುತ್ತಿದ್ದಾಗ ಮಣ್ಣಿನ ಕೆಳಗೆ ಬಣ್ಣದ ಹಾಸುಬಿಲ್ಲೆಗಳು ಕಾಣಿಸಿಕೊಂಡವು. ಅವು ಮೆಕ್ಕಾದ ನೆಲಮಾಳಿಗೆಯವು. ಕೆಡವಿದವರು ಮೇಲಿನ ನಾಲ್ಕು ಅಂತಸ್ತುಗಳನ್ನು ಸಾಗಿಸಿ, ಕೆಳಗಿನ ನೆಲವನ್ನು ಹಾಗೆಯೇ ಬಿಟ್ಟು ಮಣ್ಣು ಮುಚ್ಚಿದ್ದರು.